ಬೋರಲಿಂಗಯ್ಯನ ಕಣ್ಣು, ಕಂಪನಿಯ ಕಿಟಕಿ

ಬಿಡದಿ ಸುತ್ತಮುತ್ತ ಬೋರಲಿಂಗಯ್ಯನ ಕಣ್ಣಿಗೆ ಹೆಸರಿತ್ತು. ಜಗಲಿಯ ಮೇಲೆ ಕೂತೇ, ಎದುರಿನ ಗುಡ್ಡದಲ್ಲಿ ಮೇಯುವ ಹಸು ಯಾರದ್ದು, ಅದು ಕುಂಟುತ್ತಿರುವುದು ಯಾವ ಕಾಲಲ್ಲಿ ಎಂದು ಹೇಳಿಬಿಡುತ್ತಿದ್ದ. ದನ ಕಳೆದುಕೊಂಡವರು ಶಾಸ್ತ್ರ ಕೇಳುವ ಮೊದಲು ಅವನ ಜಗಲಿಗೆ ಬರುತ್ತಿದ್ದರು. ಆ ಹೆಮ್ಮೆಯಲ್ಲಿ, ಹೆಂಡತಿ ಕೆಂಚಮ್ಮ ಮುಂದೆ ತಂದಿಟ್ಟ ಮುದ್ದೆ ಮಾತ್ರ ಅವನಿಗೆ ಕಾಣುತ್ತಿರಲಿಲ್ಲ.

ಎರಡು ಸಾವಿರದ ಐದನೆಯ ಇಸವಿಯ ಹೊತ್ತಿಗೆ ಹಿಪ್ಪುನೇರಳೆ ತೋಟ ಇದ್ದ ಕಡೆ ಕಾರ್ಖಾನೆ ಎದ್ದಿತು. ಇಂಥ ಕಣ್ಣನ್ನು ಕಂಪನಿಯವರು ಬಿಟ್ಟಾರೆಯೇ? ಕರೆದು ಕ್ಯಾಮೆರಾ ರೂಮಿನಲ್ಲಿ ಕೂರಿಸಿದರು. ಗೋಡೆ ತುಂಬ ಒಂಬತ್ತು ಟಿ.ವಿ. ಒಂದರಲ್ಲಿ ಗೇಟು, ಒಂದರಲ್ಲಿ ಗೋಡೌನು, ಇನ್ನೊಂದರಲ್ಲಿ ಕ್ಯಾಂಟೀನಿನ ಇಡ್ಲಿ ಪಾತ್ರೆ. ರೆಪ್ಪೆ ಬಡಿಯುವಷ್ಟರಲ್ಲಿ ಬೋಲ್ಟು ಕಳುವಾದೀತೆಂದು ಅವನು ರೆಪ್ಪೆಯನ್ನೂ ಬಡಿಯದೆ ಕೂತ. ಕಣ್ಣು ಉರಿದವು, ಕೆಂಪಾದವು, ಮರಳು ಬಿದ್ದಂತೆ ಚುಚ್ಚಿದವು.

ಕೆಂಚಮ್ಮ ಅವನ ನೆತ್ತಿಗೆ ಹರಳೆಣ್ಣೆ ಒತ್ತುತ್ತಾ, "ಉಷ್ಣ ಕಣ್ರೀ ಇದು. ರೂಮ್‌ನಾಗೆ ಫ್ಯಾನಿಲ್ವಾ?" ಎಂದಳು.

"ಎ.ಸಿ.ನೇ ಐತೆ ಕಣಮ್ಮಿ. ಅದು ಟಿ.ವಿ.ಗೆ."

ಕಂಪನಿಗೆ ಕರುಣೆ ಇಲ್ಲವೆನ್ನಬಾರದು. ಕಣ್ಣಿನ ಡಾಕ್ಟರನ್ನು ಕರೆಸಿತು. ಅವರು ಹೇಳಿದ್ದು ಇಷ್ಟೇ: "ರೆಪ್ಪೆ ಬಡಿಯುತ್ತಿರಿ, ಆಗಾಗ ತಲೆಯೆತ್ತಿ ದೂರ ನೋಡಿ." ಅದನ್ನೇ ಬಣ್ಣದ ಪೋಸ್ಟರ್ ಮಾಡಿಸಿ ಕ್ಯಾಮೆರಾ ರೂಮಿನಲ್ಲಿ ಅಂಟಿಸಿದರು. ಆ ರೂಮಿಗೆ ಕಿಟಕಿಯೇ ಇರಲಿಲ್ಲ.

ಬೋರಲಿಂಗಯ್ಯ ಮ್ಯಾನೇಜರ ಮುಂದೆ ಕೈಕಟ್ಟಿ ನಿಂತ. "ಸಾ, ಒಂದು ಕಿಟ್ಕಿ ಇಕ್ಸಿಕೊಡಿ. ಒಸಿ ಗುಡ್ಡ ನೋಡ್ಕತೀನಿ. ಕಣ್ಣೇ ಹೋದ್ರೆ ನನ್ತಾವ ಇನ್ನೇನೈತೆ?"

ಮ್ಯಾನೇಜರು ಕರಗಿಹೋಗಿ ಮೀಟಿಂಗ್ ಕರೆದರು. ಗೋಡೆ ಒಡೆದರೆ ಧೂಳು ಬರುತ್ತದೆ, ಧೂಳು ಬಂದರೆ ಟಿ.ವಿ. ಕೆಡುತ್ತದೆ ಎಂದರು ಇಂಜಿನಿಯರು. ಬುದ್ಧಿವಂತರು ಕೂಡಿದ ಕಡೆ ಉಪಾಯಕ್ಕೆ ಬರವೇ? ಟೆರೇಸಿನ ಮೇಲೆ, ಗುಡ್ಡದ ಕಡೆಗೆ ಮುಖಮಾಡಿ, ಒಂದು ಕ್ಯಾಮೆರಾ ಕೂರಿಸಿದರು. ಒಳಗೆ ಹತ್ತನೆಯ ಟಿ.ವಿ. ಬಂತು, ಅದರ ತುಂಬ ಗುಡ್ಡ! ಮ್ಯಾನೇಜರು ರಿಬ್ಬನ್ ಕತ್ತರಿಸಿ, "ಇನ್ನು ಎಷ್ಟು ಬೇಕಾದರೂ ದೂರ ನೋಡಿ, ಬೋರಲಿಂಗಯ್ಯ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಪಾಪ, ಮೊದಮೊದಲು ಅವನು ಆ ಟಿ.ವಿ. ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ರೂಢಿಯಾಯಿತು. ಗುಂಡಿ ಒತ್ತಿದರೆ ಗುಡ್ಡವೇ ಎದ್ದು ಹತ್ತಿರ ಬರುತ್ತಿತ್ತು, ಹಸುವಿನ ಕೊಂಬಿನ ಬಣ್ಣವೂ ಕಾಣುತ್ತಿತ್ತು. ಒಂಬತ್ತು ಟಿ.ವಿ. ನೋಡಿ ದಣಿದ ಕಣ್ಣಿಗೆ ಹತ್ತನೆಯದನ್ನು ತೋರಿಸಿ ವಿಶ್ರಾಂತಿ ಕೊಡತೊಡಗಿದ.

ಒಂದು ಸಂಜೆ, ಮೇಯಲು ಹೋದ ಗಬ್ಬದ ಹಸು ಮನೆಗೆ ಬರಲಿಲ್ಲ. ಕೆಂಚಮ್ಮ ಜಗಲಿಗೆ ಓಡಿಬಂದಳು. "ಗುಡ್ಡದ್ ನೆತ್ತಿ ಮ್ಯಾಲೆ ಏನೋ ಕಪ್ಪಗೆ ಕಾಣ್ತೈತೆ. ನಮ್ಮ ಗೌರಿನಾ, ಒಸಿ ನೋಡ್ರಿ!"

ಬೋರಲಿಂಗಯ್ಯ ಹುಬ್ಬಿನ ಮೇಲೆ ಕೈಯಿಟ್ಟು ನೋಡಿದ. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದ. ಗುಡ್ಡವೆಲ್ಲ ಕಲಸಿಹೋಗಿತ್ತು. ಅವನ ಹೆಬ್ಬೆರಳು ಜಗಲಿಯ ಕಲ್ಲಿನ ಮೇಲೆ ಗುಂಡಿ ಹುಡುಕುತ್ತಿತ್ತು.

"ಇಲ್ಲಿಂದ ಗೊತ್ತಾಯ್ತಿಲ್ಲ ಕಣಮ್ಮಿ," ಎಂದ. "ನಾಳೆ ಡ್ಯೂಟಿಗೆ ಹೋಯ್ತೀನಲ್ಲ, ಅಲ್ಲಿ ನೋಡ್ಕಂಡ್ ಬಂದು ಹೇಳ್ತೀನಿ."