ಒರಟು ನುಣುಪಿನ ಸಂಸಾರ

ಬೀದಿ ದೀಪಗಳು ಇನ್ನೂ ಆರಿಲ್ಲ. ಓಣಿಯ ಕೊನೆಯ ಶೆಡ್ಡಿನ ಅರ್ಧ ಎತ್ತಿದ ಶಟರಿನ ಕೆಳಗಿಂದ ಟಕ್ ಟಕ್ ಸದ್ದು ಬರುತ್ತಿದೆ. ಬಗ್ಗಿ ಒಳಗೆ ಹೋದರೆ, ತಲೆಕೆಳಗಾಗಿ ಮಲಗಿದ ಸೋಫಾದ ಪಕ್ಕ ಮಂಡಿಯೂರಿ ಕೂತ ಹೆಂಗಸೊಬ್ಬರು ಬಾಯಿಂದ ಒಂದೊಂದೇ ಮೊಳೆ ತೆಗೆದು ಬಡಿಯುತ್ತಿದ್ದಾರೆ. ಹೌದು, ಬಾಯಿಂದಲೇ. ಒಂದು ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದ ಬಟ್ಟೆ, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ಇಟ್ಟುಕೊಳ್ಳಲು ಉಳಿಯುವುದು ಬಾಯೊಂದೇ. ನಾಲಿಗೆ ಮೊಳೆಯನ್ನು ತಿರುಗಿಸಿ ತುಟಿಗೆ ತರುತ್ತದೆ, ಅಯಸ್ಕಾಂತದ ಮೂತಿಯ ಸುತ್ತಿಗೆ ಅದನ್ನು ಸೆಳೆದುಕೊಳ್ಳುತ್ತದೆ, ಮರುಕ್ಷಣ ಮೊಳೆ ಮರದೊಳಗೆ. ನೋಡುವವರ ಎದೆ ಝಲ್ಲೆನ್ನುತ್ತದೆ. ಅವರು ಮಾತ್ರ ಎಲೆ ಅಡಿಕೆ ಜಗಿಯುವಷ್ಟು ನಿರಾಳ.

ನುಂಗಿದ್ದುಂಟೇ ಎಂದು ಕೇಳಿದರೆ, ತಡೀರಿ ಎಂದು ಕೈ ತೋರಿಸಿ, ಉಳಿದ ಮೊಳೆಗಳನ್ನು ಅಂಗೈಗೆ ಉಗಿದು, ಆಮೇಲೆ ನಗುತ್ತಾರೆ. "ಮೊಳೆ ನುಂಗಿಲ್ಲ. ಮಾತು ಬೇಕಾದಷ್ಟು ನುಂಗಿದ್ದೀನಿ. ಬಾಯ್ತುಂಬ ಮೊಳೆ ಇಟ್ಕೊಂಡು ಗಂಡನ ಹತ್ರ ಜಗಳ ಆಡೋಕಾಗತ್ತಾ? ಅದಕ್ಕೇ ನಮ್ಮ ಸಂಸಾರ ಇಷ್ಟು ವರ್ಷ ನಡೆದಿದೆ."

ಶೆಡ್ಡಿನ ಆಚೆ ತುದಿಯಲ್ಲಿ ಬಾಗಿಲೊಂದಕ್ಕೆ ಅರಗಿನ ಪಾಲಿಶ್ ಉಜ್ಜುತ್ತಿರುವ ಗಂಡ ತಲೆಯೆತ್ತದೆ, "ಕೇಳಿಸ್ತು" ಎನ್ನುತ್ತಾರೆ.

ಓಣಿಯವರಿಗೆ ಇವರು ಗಾದಿಯಕ್ಕ. ಗಂಡ, ಪಾಲಿಶ್ ಯಜಮಾನರು. ಕುರ್ಚಿ, ಸೋಫಾ, ದಿವಾನಗಳ ಹಳೇ ಹೊಟ್ಟೆ ಬಗೆದು, ಸ್ಪ್ರಿಂಗು ಕಟ್ಟಿ, ನಾರು ತುಂಬಿ, ಹೊಸ ಬಟ್ಟೆ ಹೊದಿಸುವುದು ಅಕ್ಕನ ಕೆಲಸ. ಮರದ ಮೈ ಬೆಳಗುವುದು ಯಜಮಾನರದು. ಇಬ್ಬರೂ ಒಂದೇ ಸೂರಿನ ಕೆಳಗಿದ್ದಾರೆ, ಆದರೆ ದಾರಿ ಪೂರ್ವ ಪಶ್ಚಿಮ. ಮರದಲ್ಲಿ ಮುಖ ಕಾಣಬೇಕು, ಇಲ್ಲದಿದ್ದರೆ ಅದು ಪಾಲಿಶ್ಶೇ ಅಲ್ಲ ಎನ್ನುವುದು ಯಜಮಾನರ ಪಟ್ಟು. ಅಕ್ಕನಿಗೆ ಮುಖ ನೋಡಿಕೊಳ್ಳಲು ಕನ್ನಡಿ ಸಾಕು. "ಮನೇಲಿ ಎಲ್ಲಾ ನುಣ್ಣಗೇ ಇದ್ರೆ ಕೈಗೆ ಬೇಜಾರು ಬರತ್ತೆ. ಗಾಜಿನ ಮೇಜು ಇದ್ಯಾ, ಪಕ್ಕದಲ್ಲಿ ಒಂದು ಒರಟು ಬಟ್ಟೆ ಇರಲಿ. ಮೆತ್ತಗಿನ ಸೋಫಾ ಇದ್ಯಾ, ಕಾಲ ಕೆಳಗೆ ಸೆಣಬಿನ ಚಾಪೆ ಇರಲಿ. ಒಂದರ ಪಕ್ಕ ಇನ್ನೊಂದು ಇದ್ರೆ ತಾನೇ ಎರಡಕ್ಕೂ ಬೆಲೆ?"

ಈ ಹಟ ಹುಟ್ಟಿದ್ದು ಬಸ್ ಡಿಪೊದಲ್ಲಿ. ಅಕ್ಕನ ಅಪ್ಪ ಅಲ್ಲಿ ಹರಿದ ಸೀಟುಗಳನ್ನು ಹೊಲಿಯುತ್ತಿದ್ದರು. ಶಾಲೆ ಬಿಟ್ಟ ಕೂಡಲೇ ಮಗಳು ಅವರ ಪಕ್ಕ ಕೂತು ದಬ್ಬಣ ಹಿಡಿಯುತ್ತಿದ್ದಳು. ಕಣ್ಣು ಹಾಯಿಸಿದಷ್ಟು ದೂರ ಒಂದೇ ಹಸಿರು ರೆಕ್ಸಿನ್. ಬೇಸಿಗೆಯಲ್ಲಿ ಬೆನ್ನಿಗೆ ಅಂಟುವುದು, ಚಳಿಗಾಲದಲ್ಲಿ ಮಂಜುಗಡ್ಡೆ. "ದೊಡ್ಡೋಳಾದ ಮೇಲೆ ಈ ರೆಕ್ಸಿನ್ ಮುಖ ನೋಡಲ್ಲ ಅಂತ ಆಣೆ ಹಾಕಿದ್ದೆ. ಈಗಲೂ ನೋಡ್ತೀನಿ ಬಿಡಿ. ಹೊಟ್ಟೆಪಾಡು."

ಕೆಲಸದ ಕಷ್ಟಗಳನ್ನು ಅಕ್ಕ ಕೇಳಿದರಷ್ಟೇ ಹೇಳುತ್ತಾರೆ. ಹಳೇ ಸೋಫಾ ಬಿಚ್ಚಿದಾಗ ಏಳುವ ಧೂಳಿಗೆ ಮಳೆಗಾಲವಿಡೀ ಕೆಮ್ಮು. ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. ಒಂದು ದಿನಕ್ಕೆ ಹೆಚ್ಚೆಂದರೆ ಎರಡು ಕುರ್ಚಿ ಮುಗಿದಾವು, ದೊಡ್ಡ ಸೋಫಾ ಬಂದರೆ ವಾರದ ಬಹುಪಾಲು ಅದಕ್ಕೇ. ಸಂತೋಷಗಳನ್ನಾದರೆ ಕೇಳದೆಯೂ ಹೇಳುತ್ತಾರೆ. ಸೋಫಾಗಳ ಹೊಟ್ಟೆಯಲ್ಲಿ ಸಿಕ್ಕಿದ ಬಾಚಣಿಗೆ, ಬೀಗದ ಕೈ, ಒಂದು ಸಲ ಪೂರ್ತಿ ಹಲ್ಲಿನ ಸೆಟ್ಟು! ಅದನ್ನು ತೊಳೆದು ತಲುಪಿಸಿದಾಗ ಮನೆಯ ಹಿರಿಯರು ಅಲ್ಲೇ ಹಾಕಿಕೊಂಡು ಬಾಯ್ತುಂಬ ನಕ್ಕರಂತೆ.

ಬಟ್ಟೆ ಆರಿಸುವಾಗ ಅಕ್ಕ ಅಂಗೈಯನ್ನು ನಂಬುವುದಿಲ್ಲ. ದಾರ ಎಳೆದೆಳೆದು ಅದು ಜಡ್ಡುಗಟ್ಟಿದೆ. ತೋಳು ಮಡಚಿ, ಮೊಣಕೈಯ ಒಳಮಗ್ಗುಲಿಗೆ ಬಟ್ಟೆ ಉಜ್ಜಿ, ಕಣ್ಣು ಮುಚ್ಚಿ, ಹೂಂ ಅಥವಾ ಉಹುಂ ಎನ್ನುತ್ತಾರೆ. ಹೀಗೆ ಹೂಂ ಎನಿಸಿಕೊಂಡ ತುಂಡುಗಳೆಲ್ಲ ಶೆಡ್ಡಿನ ಒಂದು ಮೂಲೆಯಲ್ಲಿ ರಾಶಿ ಬಿದ್ದಿವೆ. ಮಖಮಲ್ಲು, ಸೆಣಬು, ಗಂಟು ಗಂಟು ನೂಲಿನ ದಪ್ಪ ಬಟ್ಟೆ, ಹಳೇ ಚರ್ಮ. ಗಿರಾಕಿಗಳು ಬಂದು ಬಣ್ಣ ಕೇಳುತ್ತಿದ್ದರೇ ಹೊರತು ಆ ರಾಶಿಗೆ ಕೈ ಹಾಕುವವರು ಇರಲಿಲ್ಲ.

ಮೊನ್ನೆ ಮೊನ್ನೆಯವರೆಗೂ ಇದೇ ಮೂಲೆ ಗಂಡ ಹೆಂಡಿರ ನಡುವಿನ ಗಡಿ ತಕರಾರಾಗಿತ್ತು. ಯಜಮಾನರಿಗೆ ಬಣ್ಣ ಸಿಂಪಡಿಸುವ ಮಷೀನು ತರುವ ಆಸೆ. ಇಡಲು ಜಾಗ ಎಂದರೆ ಅದೊಂದೇ. ಅಷ್ಟರಲ್ಲಿ ಪಕ್ಕದ ಬೀದಿಯ ನರ್ಸಮ್ಮ ಬಂದು, ಅಕ್ಕನಿಗೆ ಆವರೆಗೆ ಯಾರೂ ಹೇಳದ ಮಾತು ಹೇಳಿದರು: "ನಮ್ಮ ಮನೆ ಹಾಲ್ ಪೂರ್ತಿ ನೀವೇ ನೋಡ್ಕೊಳ್ಳಿ. ಬಟ್ಟೆನೂ ನೀವೇ ಆರಿಸಿ." ಆ ಸಂಜೆ ಯಜಮಾನರು ಷರತ್ತು ಹಾಕಿದರು. "ಆ ಹಾಲ್ ನೋಡಿ ಒಬ್ಬರಾದ್ರೂ ಬಂದು ನಿನಗೇ ಅಂತ ಕೆಲಸ ಕೊಟ್ರೆ ಮೂಲೆ ನಿಂದು. ಇಲ್ಲಾಂದ್ರೆ ಮುಂದಿನ ವಾರ ಮಷೀನು ಬರತ್ತೆ." ಅಕ್ಕನ ಬಾಯಲ್ಲಿ ಆಗ ಮೊಳೆ ಇತ್ತು. ತಲೆಯಾಡಿಸಿ ಒಪ್ಪಿಕೊಂಡರು.

ನರ್ಸಮ್ಮನ ಮನೆಯ ಹಾಲ್ ನೋಡಲು ಚಿಕ್ಕದು, ಅದರ ಸಂಕಟ ದೊಡ್ಡದು. ಅವರ ಅಮ್ಮ ಕೊಟ್ಟ ಬೆತ್ತದ ಕುರ್ಚಿ ಕಿಟಕಿಯ ಬಳಿ. ಅತ್ತೆ ಕೊಟ್ಟ ಮರದ ಬೆಂಚು ಅದರ ಎದುರು, ಬಾಗಿಲ ಪಕ್ಕದಲ್ಲಿ. ನಡುವೆ ಗಾಜಿನ ಮೇಜು. ಬೆತ್ತ ಚುಚ್ಚುತ್ತಿತ್ತು, ಬೆಂಚು ಜಾರುತ್ತಿತ್ತು. ಬೀಗಿತ್ತಿಯರಿಬ್ಬರೂ ಭಾನುವಾರ ಊಟಕ್ಕೆ ಬರುವವರಿದ್ದರು. "ಒಬ್ಬರದು ಚೆನ್ನಾಗಿ, ಇನ್ನೊಬ್ಬರದು ಸಾಧಾರಣ ಅಂತ ಕಂಡ್ರೆ ಮುಗೀತು, ಗಾದಿಯಕ್ಕ. ಊಟ ಆಗೋವರೆಗೂ ಮನೇಲಿ ಸ್ಪೂನಿನ ಸದ್ದು ಬಿಟ್ರೆ ಬೇರೆ ಏನೂ ಕೇಳ್ಸಲ್ಲ" ಎಂದಿದ್ದರು ನರ್ಸಮ್ಮ.

ಅಕ್ಕ ಮೂಲೆಯ ರಾಶಿಯಿಂದ ಜೇನು ಬಣ್ಣದ ಮಖಮಲ್ಲು ಎಳೆದರು. ಎರಡಕ್ಕೂ ಒಂದೇ ಬಟ್ಟೆಯ ಗಾದಿ, ಆಗ ಯಾರಿಗೂ ಹೆಚ್ಚು ಕಮ್ಮಿ ಇಲ್ಲ. ಬಟ್ಟೆ ಅಳತೆಗೆ ಸರಿಯಾಗಿ ಮುಗಿಯಿತು. ಒರಟು ಬೆತ್ತದ ಮೇಲೆ ಮಖಮಲ್ಲು ಕೂತಾಗ ಬೆತ್ತಕ್ಕೇ ಕಳೆ ಬಂತು. ಬೆಂಚಿನ ವಿಷಯಕ್ಕೆ ಮಾತ್ರ ಮನೆಯಲ್ಲಿ ರಾಮಾಯಣವಾಯಿತು. ಕೈಯಿಡುವ ಕಡೆ ಹೊಳಪು ತೆಗೆದು, ಮರದ ಗೆರೆಗಳು ಬೆರಳಿಗೆ ಸಿಗುವಂತೆ ಬರೀ ಎಣ್ಣೆ ಸವರಿ ಎಂದರು ಅಕ್ಕ. "ಪಾಲಿಶ್ ಮಾಡೋನ ಕೈಲೇ ಪಾಲಿಶ್ ತೆಗೆಸ್ತೀಯಲ್ಲೇ!" ಎಂದು ಯಜಮಾನರು ಎರಡು ದಿನ ಮುಖ ಊದಿಸಿಕೊಂಡರು. ಮೂರನೇ ದಿನ ಉಪ್ಪುಕಾಗದ ಹಿಡಿದು ಉಜ್ಜತೊಡಗಿದರು. ಉಜ್ಜಿದ ಮೇಲೆ ಬೆಂಚಿನ ಆ ತೋಳನ್ನು ಯಾರೂ ನೋಡದಾಗ ಒಂದೆರಡು ಸಲ ಸವರಿಯೂ ನೋಡಿದರು ಎಂಬುದು ಅಕ್ಕನ ಗುಮಾನಿ.

ಶೆಡ್ಡಿನ ಟ್ಯೂಬ್‌ಲೈಟಿನ ಕೆಳಗೆ ಕುರ್ಚಿ, ಬೆಂಚು ಅಕ್ಕಪಕ್ಕ ನಿಂತಾಗ ಅವಳಿ ಜವಳಿಯಂತಿದ್ದವು. ಭಾನುವಾರ ಬೆಳಿಗ್ಗೆ ಯಜಮಾನರ ಜೊತೆ ಎರಡನ್ನೂ ನರ್ಸಮ್ಮನ ಹಾಲ್‌ಗೆ ಸಾಗಿಸಿ, ಎದುರು ಬದುರು ಇಟ್ಟು, ಬಾಗಿಲಿಗೆ ಬಂದು ಅಕ್ಕ ತಿರುಗಿ ನೋಡಿದರು. ಅಮ್ಮನ ಕುರ್ಚಿ ಹೊಸ ಜೇನಿನಂತೆ ಮಿನುಗುತ್ತಿದೆ, ಅತ್ತೆಯ ಬೆಂಚು ಕಂದು ತಿರುಗಿ ಮಂಕಾಗಿದೆ!

ಮಖಮಲ್ಲಿಗೆ ಬೆಕ್ಕಿನ ಮೈಯ ಹಾಗೆ ಸವರುವ ದಿಕ್ಕು ಇರುತ್ತದೆ. ಅದರ ನವಿರು, ಅಂದರೆ ಮೇಲಿನ ಸಣ್ಣ ಕೂದಲು, ನಮ್ಮಿಂದ ಆಚೆಗೆ ಮಲಗಿದ್ದರೆ ತಿಳಿಯಾಗಿ ಹೊಳೆಯುತ್ತದೆ, ನಮ್ಮ ಕಡೆಗೆ ಮಲಗಿದ್ದರೆ ಕಪ್ಪಾಗುತ್ತದೆ. ಅಕ್ಕ ಎರಡೂ ಗಾದಿಗಳಲ್ಲಿ ನವಿರನ್ನು ಮುಂದಿನಿಂದ ಹಿಂದಕ್ಕೆ ಮಲಗಿಸಿದ್ದರು. ಅಕ್ಕಪಕ್ಕ ಇಟ್ಟಾಗ ಅದು ಸರಿ. ಎದುರು ಬದುರು ಇಟ್ಟ ಮೇಲೆ ಒಂದು ಉತ್ತರ, ಇನ್ನೊಂದು ದಕ್ಷಿಣ. "ಇಷ್ಟು ವರ್ಷ ಒಂದೊಂದೇ ಕುರ್ಚಿ ಮಾಡಿದವಳು ನಾನು. ಮನೇಲಿ ಕುರ್ಚಿಗಳು ಒಂದಕ್ಕೊಂದು ಮುಖ ಮಾಡಿ ಕೂರ್ತವೆ ಅನ್ನೋದೇ ಮರೆತುಬಿಟ್ಟೆ ನೋಡಿ" ಎಂದು ಅಕ್ಕ ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ.

ಬೇರೆ ಬಟ್ಟೆ ಇಲ್ಲ. ಉಳಿದದ್ದು ಒಂದೇ ದಾರಿ, ಬೆಂಚಿನ ಮೊಳೆಗಳನ್ನೆಲ್ಲ ಕಿತ್ತು ಬಟ್ಟೆಯನ್ನು ತಿರುಗಿಸಿ ಹೊಡೆಯುವುದು. ಅಕ್ಕ ಬೆಂಚಿನ ಹಿಂದೆ ಕೂತು ಕೀಳತೊಡಗಿದರು, ನೆಟ್ಟಗಿದ್ದ ಮೊಳೆಗಳನ್ನು ಬಾಯಿಗೆ ಹಾಕಿಕೊಳ್ಳತೊಡಗಿದರು. ಒಂದು ಮೂಲೆ ಸಡಿಲವಾಗುವಷ್ಟರಲ್ಲಿ ಬಾಗಿಲಲ್ಲಿ ಮಾತು ಕೇಳಿಸಿತು. ಊಟಕ್ಕೆ ಬರಬೇಕಿದ್ದ ಬೀಗಿತ್ತಿಯರು ಬಸ್ ಸ್ಟಾಪಿನಲ್ಲೇ ಸಿಕ್ಕಿ, ತಿಂಡಿಯ ಹೊತ್ತಿಗೇ ಜೊತೆಯಾಗಿ ಬಂದುಬಿಟ್ಟಿದ್ದರು.

ಅತ್ತೆ ಹೊಸ್ತಿಲಲ್ಲಿ ನಿಂತು ಕುರ್ಚಿ ನೋಡಿದರು. ಬೆಂಚು ನೋಡಿದರು. ಮುಖ ಸಣ್ಣದಾಯಿತು. ಹೋಗಿ ಬೆಂಚಿನ ಮೇಲೆ ಬಿಗಿಯಾಗಿ ಕೂತರು. ಅಕ್ಕ ಕೈ ಆಡಿಸಿ ಏನೋ ಹೇಳಹೋದರು, "ಮ್ಮ್ ಮ್ಮ್" ಎಂದಷ್ಟೇ ಹೊರಟಿತು. ನರ್ಸಮ್ಮ ಗೋಡೆಗೆ ಒರಗಿದರು. ಯಜಮಾನರು ಕಿಟಕಿಯ ಸರಳು ಎಣಿಸುವವರಂತೆ ಆಚೆ ತಿರುಗಿದರು.

ಅಮ್ಮ ಹೋಗಿ ಕುರ್ಚಿಯಲ್ಲಿ ಕೂತು, ಎದುರು ನೋಡಿ, ನಿಟ್ಟುಸಿರು ಬಿಟ್ಟರು. "ಎಷ್ಟು ಚೆನ್ನಾಗಿ ಹೊಳೀತಿದೆ ಬೀಗರೇ ನಿಮ್ಮ ಬೆಂಚು! ನಂದು ಮಂಕು."

"ಅಣಕಿಸ್ಬೇಡಿ. ಹೊಳೀತಿರೋದು ನಿಮ್ಮ ಕುರ್ಚಿ."

"ಅಯ್ಯೋ, ದೇವರಾಣೆ ನಿಮ್ಮದೇ. ಬೇಕಾದ್ರೆ ಇಲ್ಲಿ ಬಂದು ಕೂತು ನೋಡಿ!"

ಅತ್ತೆ ಸರಕ್ಕನೆ ಎದ್ದರು. ಇಬ್ಬರೂ ಜಾಗ ಅದಲು ಬದಲು ಮಾಡಿದರು. ಕೂತು ನೋಡಿದರು. ಈಗ ಅತ್ತೆಗೆ ಬೆಂಚು ಹೊಳೆಯುತ್ತಿದೆ, ಅಮ್ಮನಿಗೆ ಕುರ್ಚಿ. ತಾವು ಕೂತದ್ದು ಮಂಕು, ಎದುರಿನದು ಮಿಂಚು! ಮತ್ತೆ ಎದ್ದರು, ಮತ್ತೆ ಬದಲಾಯಿಸಿದರು. ಅಷ್ಟು ಹೊತ್ತಿಗೆ ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅತ್ತೆಗೂ ಅದು ಅಂಟಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೆರಗಿನಿಂದ ಒರೆಸಿಕೊಂಡು, ಅತ್ತೆ ಹೇಳಿದರು: "ಮದುವೆ ದಿನದಿಂದ ನಿಮ್ಮ ಮನೇದೇ ಒಂದು ಕೈ ಮೇಲು ಅಂತ ಒಳಗೊಳಗೇ ಕುದೀತಿದ್ದೆ ಕಣ್ರೀ."

"ನಾನೇನು ಕಮ್ಮಿನಾ? ನಿಮ್ಮನ್ನ ನೋಡಿ ನಂಗೂ ಅದೇ ಉರಿ!"

ಅಷ್ಟರಲ್ಲಿ ಅಕ್ಕ ಮೊಳೆಗಳನ್ನು ಉಗಿದು ಒಪ್ಪಿಸಿಬಿಟ್ಟರು. "ಇದು ನನ್ನ ತಪ್ಪಮ್ಮ. ನವಿರಿನ ದಿಕ್ಕು ನೋಡದೆ ಹೊಡೆದುಬಿಟ್ಟೆ. ಮಧ್ಯಾಹ್ನದೊಳಗೆ ತಿರುಗಿಸಿ ಕೊಡ್ತೀನಿ." ಇಬ್ಬರೂ ಒಂದೇ ಉಸಿರಿಗೆ, "ಮುಟ್ಟಿದ್ರೆ ನೋಡಿ!" ಎಂದು ಗದರಿದರು. ಸಡಿಲವಾದ ಮೂಲೆಗೆ ಮತ್ತೆ ಮೊಳೆ ಬಿತ್ತು. ಊಟದ ಹೊತ್ತಿಗೆ ಬೀಗಿತ್ತಿಯರು ಒಂದೇ ಬೆಂಚಿನಲ್ಲಿ ಕೂತಿದ್ದರು. ಅತ್ತೆಯ ಬೆರಳು ಬೆಂಚಿನ ತೋಳಿನ ಮರದ ಗೆರೆಗಳ ಗುಂಟ ಹಿಂದೆ ಮುಂದೆ ಆಡುತ್ತಲೇ ಇತ್ತು.

ಹೊರಡುವಾಗ ಅತ್ತೆ ಹೇಳಿದರು, "ನಮ್ಮ ಮನೇಲಿ ಒಂದು ಹಳೇ ದಿವಾನ ಇದೆ. ಬಂದು ನೋಡಿ. ಬಟ್ಟೆನೂ ನೀವೇ ತನ್ನಿ." ಯಜಮಾನರು ಅಭ್ಯಾಸಬಲದಿಂದ ತಮ್ಮ ಫೋನ್ ನಂಬರು ಹೇಳತೊಡಗಿದರು. ಅತ್ತೆ ತಡೆದರು. "ನಿಮ್ಮದಲ್ಲ ಸ್ವಾಮಿ, ಅವರದು."

ಮನೆಗೆ ಬರುವ ದಾರಿಯಲ್ಲೇ ಯಜಮಾನರು ಮಷೀನಿನವನಿಗೆ ಬೇಡ ಎಂದು ಹೇಳಿದರು. ಹೇಳುವಾಗ ಗೊಣಗಿದರಂತೆ, ಆದರೆ ಗೊಣಗಾಟ ಬಾಯಿಮಾತಿನದು ಎಂದು ಅಕ್ಕನಿಗೆ ಗೊತ್ತು. ತಮ್ಮ ತಪ್ಪನ್ನು ಮಾತ್ರ ಅಕ್ಕ ಜಾಣತನ ಎಂದು ಹೇಳಿಕೊಳ್ಳುವುದಿಲ್ಲ. "ಅದು ತಪ್ಪೇ. ಅವರಿಬ್ಬರೂ ದೊಡ್ಡ ಮನಸ್ಸಿನವರು, ಅದಕ್ಕೆ ಬಚಾವಾದೆ. ಈಗ ಕುರ್ಚಿ ಎಲ್ಲಿಡ್ತೀರಾ, ಯಾರು ಯಾರ ಎದುರು ಕೂರ್ತಾರೆ ಅಂತ ಕೇಳದೆ ಕತ್ತರಿ ಮುಟ್ಟಲ್ಲ."

ಹೊರಗೆ ಬೆಳಕು ಪೂರ್ತಿ ಹರಿದಿದೆ. ಯಜಮಾನರು ಶಟರನ್ನು ಮೇಲಕ್ಕೆ ತಳ್ಳುತ್ತಾರೆ. ಗೆದ್ದ ಮೂಲೆಯಲ್ಲಿ ಮುಂದೇನು ಮಾಡುವ ಆಸೆ ಎಂದರೆ ಅಕ್ಕ ಅಲ್ಲಿನ ಖಾಲಿ ನೆಲ ತೋರಿಸುತ್ತಾರೆ. ಬಟ್ಟೆಗಳನ್ನು ಗೋಡೆಗೆ ಜೋಡಿಸಿ ಅಷ್ಟು ಜಾಗ ಬಿಡಿಸಿದ್ದಾರೆ.

"ಅಲ್ಲೊಂದು ಕುರ್ಚಿ ಹಾಕ್ಬೇಕು, ನನ್ನ ಕೈಯಾರೆ ಮಾಡಿದ್ದು. ಅಂಗಡಿಗೆ ಬಂದೋರೆಲ್ಲ ನನ್ನ ತಲೆ ಮೇಲಿಂದ ಇಣುಕಿ, 'ಯಜಮಾನ್ರು ಇಲ್ವಾ?' ಅಂತ ಕೇಳ್ತಾರೆ. ಇನ್ಮೇಲೆ ಯಾರಾದ್ರೂ ಹಂಗೆ ಕೇಳಿದ್ರೆ, 'ಇದ್ದಾರೆ, ಕೂತ್ಕೊಳ್ಳಿ' ಅಂತೀನಿ. ಅವರು ಆರಾಮಾಗಿ ಒರಗಿದ ಮೇಲೆ, 'ಹೇಳಿ, ನಾನೇ' ಅಂತೀನಿ."