ಒತ್ತಾರೆಗೊಂದು ಕೆಂಪು ಗೀಟು

ಸೂರ್ಯ ಯಾವಾಗ ಹುಟ್ಟುತ್ತಾನೆ ಎಂಬ ಪ್ರಶ್ನೆಗೆ ಎರಡನೇ ತರಗತಿಯ ನನ್ನ ಮಗಳು ‘ಒತ್ತಾರೆ’ ಎಂದು ಉತ್ತರ ಬರೆದಿದ್ದಳು. ಹಾಸನದ ಅವಳ ಶಾಲೆಯ ಮಿಸ್ ಅದರ ಮೇಲೆ ಕೆಂಪು ಗೀಟು ಎಳೆದು, ‘ಬೆಳಿಗ್ಗೆ’ ಎಂದು ತಿದ್ದಿದ್ದರು. ಸಾಲದ್ದಕ್ಕೆ ‘ಹಳ್ಳಿ ಗುಗ್ಗು ಥರ ಬರೀಬೇಡ’ ಎಂದು ಇಡೀ ಕ್ಲಾಸಿನ ಮುಂದೆ ನಕ್ಕಿದ್ದರಂತೆ.

ಒತ್ತಾರೆ ನನ್ನ ಅವ್ವನ ಮಾತು. ಅವ್ವ ಇರುವುದು ಅರಕಲಗೂಡಿನಲ್ಲಿ. ಹಕಾರ ಅವಳ ಬಾಯಲ್ಲಿ ನಿಲ್ಲದು. ನಿಘಂಟಿನ ಹೊತ್ತಾರೆ ಅವಳಿಗೆ ಒತ್ತಾರೆ. ‘ಒತ್ತಾರೆಗೇ ಎದ್ದೋಳು’ ಎಂದರೆ ನಸುಕಿನಲ್ಲೇ ಎದ್ದವಳು. ‘ಒತ್ತಾರಿಂದ ಬಡ್ಕತಾ ಇವ್ನಿ’ ಎಂದರೆ ಮಾತ್ರ ಗಡಿಯಾರ ನೋಡಬಾರದು. ಹೇಳಿದ್ದನ್ನೇ ಹೇಳಿ ಅವ್ವನಿಗೆ ರೇಗಿದೆ ಎಂದಷ್ಟೇ ಅರ್ಥ. ಅದನ್ನೇ ‘ಬೆಳಿಗ್ಗೆಯಿಂದ’ ಎಂದು ಬೈದರೆ ಆ ಬೈಗುಳಕ್ಕೆ ಉಪ್ಪೂ ಇಲ್ಲ, ಖಾರವೂ ಇಲ್ಲ.

ಅಂದು ಸಂಜೆ ಅವ್ವ ಎಂದಿನಂತೆ ಮೊಮ್ಮಗಳಿಗೆ ಫೋನ್ ಮಾಡಿ, ‘ಒತ್ತಾರೆ ಏನ್ ತಿಂದೆ ಮಗ?’ ಎಂದಳು.

‘ಅಜ್ಜಿ, ಹಾಗನ್ಬಾರ್ದು, ತಪ್ಪು. ಮಿಸ್ ನಗ್ತಾರೆ’ ಎಂದುಬಿಟ್ಟಳು ಮಗಳು.

‘ಅಂಗಾ ಮಗ?’ ಎಂದು ಅವ್ವ ಫೋನ್ ಇಟ್ಟಳು. ನನಗೆ ಪಿತ್ತ ನೆತ್ತಿಗೇರಿತು.

ಮರುದಿನ ಶಾಲೆಗೆ ಹೋಗಿ ಮಿಸ್ ಮುಂದೆ ಪೇಪರ್ ಇಟ್ಟೆ. ‘ನೋಡಿ, ಇದು ಶುದ್ಧ ಕನ್ನಡ ಅಲ್ಲ. ಮನೇಲೇ ಹೀಗೆ ಮಾತಾಡಿದರೆ ಮಕ್ಕಳು ಉದ್ಧಾರ ಆಗಲ್ಲ’ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಮಿಸ್ ಆ ಕಡೆ ತಿರುಗಿ, ‘ಇಲ್ಲ ಕಣವ್ವ, ಒತ್ತಾರಿಂದ ಒಂದ್ಲೋಟ ಕಾಪಿನೂ ಕುಡ್ದಿಲ್ಲ. ಯಾರೋ ಬಂದು ತಲೆ ತಿಂತಾವ್ರೆ’ ಎಂದರು. ಅಪ್ಪಟ ಚನ್ನರಾಯಪಟ್ಟಣದ ಕಡೆಯ ಮಾತು!

ಫೋನ್ ಇಟ್ಟ ಮೇಲೆ, ‘ನಿಮ್ಮ ಮಾತಿಗೂ ಒಂದು ಕೆಂಪು ಗೀಟು ಎಳೀರಿ ಮಿಸ್’ ಎಂದೆ. ಅವರ ಮುಖ ಹುಳ್ಳಗಾಯಿತು. ಗೀಟಿನ ಪಕ್ಕ ರೈಟ್ ಹಾಕಿ ಕೊಟ್ಟರು.

ಇದನ್ನು ಹೇಳಿದರೂ ಅವ್ವ ಕೇಳಲಿಲ್ಲ. ‘ಓದಿದೋರು ತಪ್ಪು ಅಂದ್ಮೇಲೆ ತಪ್ಪೇ ಕಣವ್ವ, ಬುಡು. ಮಗೀನ ನಾನ್ಯಾಕೆ ಕೆಡುಸ್ಲಿ?’ ಎಂದಳು. ಈಗ ಮೊಮ್ಮಗಳ ಜೊತೆ ಮಾತಾಡುವಾಗ ಒಂದು ಕ್ಷಣ ತಡವರಿಸಿ, ನೆಂಟರ ಮನೆಯಲ್ಲಿ ಕೂತವಳ ಹಾಗೆ ‘ಬೆಳಿಗ್ಗೆ ಏನು ತಿಂದೆ?’ ಎನ್ನುತ್ತಾಳೆ. ಅದನ್ನು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ‘ಒತ್ತಾರಿಂದ ಬಡ್ಕತಾ ಇವ್ನಿ’ ಎಂದು ಅವ್ವ ನನ್ನನ್ನು ಬೈದು ಎಷ್ಟೋ ದಿನವಾಯಿತು.