ಅರ್ಧ ಎತ್ತಿದ ಕ್ಯಾಬಿನ್

ಆ ದಿನ ನಾನು ರಾಡು ಹಾಕಲಿಲ್ಲ. ತಮ್ಮ ಕೇಳಿದಾಗ ಹಾಕಿದ್ದೇನೆ ಎಂದೆ. ಆಮೇಲೆ ಎರಡು ವರ್ಷ ಅವನ ಎದುರಿಗೇ ಕೂತು ಅನ್ನ ಉಂಡರೂ ನಿಜ ಹೇಳಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬರೆದು ಅಭ್ಯಾಸವಿಲ್ಲ. ಆದರೆ ಇದನ್ನು ಬೇರೆ ಯಾರೂ ಬರೆಯಲಾರರು, ಯಾಕೆಂದರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಲಾರಿ ಯಾರ್ಡು ಗಲ್ಫಿನ ಸೊಹಾರ್ ಬಂದರಿನಿಂದ ಸ್ವಲ್ಪ ಒಳಗೆ. ನಾನು ಡ್ರೈವರ್ ಆಗಿ ಬಂದಾಗ ಅಲ್ಲಿದ್ದ ಟ್ರೇಲರ್ ಲಾರಿಗಳೆಲ್ಲ ಚಪ್ಪಟೆ ಮುಖದವು. ಮುಂದೆ ಮೂತಿ ಇಲ್ಲ, ಇಂಜಿನಿನ ಮೇಲೆಯೇ ಕ್ಯಾಬಿನ್. ಡ್ರೈವರನ ಕುಂಡೆಯ ಕೆಳಗೇ ಇಂಜಿನ್ ಗುಡುಗುತ್ತಿತ್ತು. ಚಳಿಗಾಲದಲ್ಲಿ ಅದು ಸುಖ. ಜೂನ್ ತಿಂಗಳಲ್ಲಿ ಕಾಲಿನ ಹತ್ತಿರದ ತಗಡು ಮುಟ್ಟಲಿಕ್ಕೆ ಆಗುತ್ತಿರಲಿಲ್ಲ. ಆದರೂ ಆ ಗಾಡಿಗಳ ಮೇಲೆ ನನಗೆ ಪ್ರೀತಿ ಇತ್ತು. ಎದುರಿಗೆ ಬರೀ ಗಾಜು, ಗಾಜಿನ ಕೆಳಗೆ ರಸ್ತೆ. ಮಸ್ಕತ್ತಿನ ಕಡೆ ಕಬ್ಬಿಣದ ಸುರುಳಿ ಹೊತ್ತು ಹೋಗುವಾಗ ಬಲಕ್ಕೆ ಬೆಟ್ಟ, ಎಡಕ್ಕೆ ಖರ್ಜೂರದ ತೋಟ, ನಡುವೆ ನಾನು ತೇಲಿಕೊಂಡು ಹೋಗುತ್ತಿದ್ದೇನೆ ಅನಿಸುತ್ತಿತ್ತು.

ತಮ್ಮನನ್ನು ಕರೆಸಿದವನು ನಾನೇ. ಬೈಂದೂರಿನಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡಿಕೊಂಡಿದ್ದ. ನಮಗೆ ವೀಸಾ ಕೊಟ್ಟ ಮಾಲೀಕ, ಅಲ್ಲಿಯ ಮಾತಿನಲ್ಲಿ ಕಫೀಲ್, ಮುದುಕ, ಒಳ್ಳೆಯ ಮನುಷ್ಯ. ಮೆಕ್ಯಾನಿಕ್ ಬೇಕು ಎಂದಾಗ ನಾನು ಇವನ ಹೆಸರು ಹೇಳಿದೆ. ಬಂದ ಆರು ತಿಂಗಳಿಗೆ ಹನ್ನೊಂದು ಗಾಡಿಗಳೂ ಅವನ ಕೈಗೆ ಪಳಗಿದವು. ಬಾನೆಟ್ಟಿನ ಮೇಲೆ ಕಿವಿ ಇಡುವಂತಿಲ್ಲ, ಬಾನೆಟ್ಟೇ ಇಲ್ಲವಲ್ಲ. ಅವನು ಡ್ರೈವರನ ಸೀಟಿನಲ್ಲಿ ಸುಮ್ಮನೆ ಕೂತು, "ಮೂರ್ನೇದ್ ಕೆಮ್ಮುತ್ತಾ ಇತ್ತ್" ಎನ್ನುತ್ತಿದ್ದ. ತೆರೆದು ನೋಡಿದರೆ ಮೂರನೇ ಸಿಲಿಂಡರಿನದೇ ತೊಂದರೆ. ಪೇಶಾವರ ಕಡೆಯ ಒಬ್ಬ ಪಠಾಣ ಮುದುಕ ಡ್ರೈವರ್ ಅವನನ್ನು ಡಾಕ್ಟರ್ ಸಾಬ್ ಎಂದೇ ಕರೆಯುತ್ತಿದ್ದ.

ಇಂಥ ಲಾರಿಯ ಇಂಜಿನ್ ಮುಟ್ಟಬೇಕಾದರೆ ಇಡೀ ಕ್ಯಾಬಿನ್ನನ್ನು ಮುಂದಕ್ಕೆ ಬಗ್ಗಿಸಬೇಕು. ಪಕ್ಕದಲ್ಲಿ ಕೈಪಂಪು ಇರುತ್ತದೆ. ಒತ್ತುತ್ತ ಹೋದರೆ ಎಣ್ಣೆಯ ಬಲಕ್ಕೆ ಕ್ಯಾಬಿನ್ ಹಿಂದಿನಿಂದ ಏಳುತ್ತದೆ. ಪೂರ್ತಿ ಬಗ್ಗಿದಾಗ ಪಠಾಣ ಮುದುಕ, "ಗಾಡಿ ಸಜ್ದೇ ಮೇ ಹೈ, ಶೋರ್ ಮತ್ ಕರೋ" ಎಂದು, ಗಾಡಿ ನಮಾಜಿಗೆ ಹಣೆ ಊರಿದೆ ಎಂಬಂತೆ, ನಗಿಸುತ್ತಿದ್ದ. ಎತ್ತುವ ಮೊದಲು ಡ್ರೈವರ್ ಒಳಗಿನ ಸಾಮಾನೆಲ್ಲ ಇಳಿಸಬೇಕು: ಹಾಸಿಗೆ, ಸ್ಟವ್, ಚಹಾದ ಪಾತ್ರೆ, ದೇವರ ಪಟ. ಇಲ್ಲದಿದ್ದರೆ ಎಲ್ಲ ಹೋಗಿ ಮುಂದಿನ ಗಾಜಿಗೆ ಬಡಿಯುತ್ತದೆ. ಕ್ಯಾಬಿನ್ ಪೂರ್ತಿ ಎದ್ದ ಮೇಲೆ ಕಬ್ಬಿಣದ ರಾಡು ಊರಿ ನಿಲ್ಲಿಸಬೇಕು. ಎತ್ತಿದವನೇ ರಾಡು ಹಾಕಬೇಕು ಎನ್ನುವುದು ನಮ್ಮ ಯಾರ್ಡಿನ ಪದ್ಧತಿ. ಕೈ ಹಾಕುವ ಮೆಕ್ಯಾನಿಕ್ ಕೇಳುತ್ತಾನೆ ಅಷ್ಟೆ, ಬಗ್ಗಿ ನೋಡುವುದಿಲ್ಲ. ನೋಡಿದರೆ ಎತ್ತಿದವನನ್ನು ನಂಬಲಿಲ್ಲ ಎಂದಾಗುತ್ತದೆ.

ನಾನು ಊರಿಗೆ ಹೊರಡುವ ವಾರ ಅದು. ಊರಿನಲ್ಲಿ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶ, ಮನೆ ಒಕ್ಕಲು. ಹೆಂಡತಿ ಗಾಜಿನ ಊಟದ ಸೆಟ್ ಬೇಕು ಎಂದಿದ್ದಳು. ಬಸಿ, ಬಟ್ಟಲು, ದೊಡ್ಡ ತಟ್ಟೆ ಎಲ್ಲ ಸೇರಿದ್ದು. ಮಸ್ಕತ್ತಿನಿಂದ ತಂದು, ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ತುರುಕಿ, ಹಗ್ಗ ಬಿಗಿದು, ಸೀಟಿನ ಹಿಂದಿನ ಹಾಸಿಗೆಯ ಮೇಲೆ ಇಟ್ಟಿದ್ದೆ. ಯಾರ್ಡಿಗೆ ಬರುವಷ್ಟರಲ್ಲಿ ಡೀಸೆಲ್ ಪೈಪು ಸೋರತೊಡಗಿತ್ತು.

"ಅಣ್ಣಯ್ಯ, ಆ ಪೆಟ್ಗಿ ಕೆಳ್ಗ್ ಇಳ್ಸ್" ಎಂದ ತಮ್ಮ.

"ಅದ್ಕ್ ಎರಡ್ ಜನ ಬೇಕ್ ಮಾರಾಯ. ಅರ್ಧ ಎತ್ತುವ, ಸಾಕ್."

"ಅತ್ತಿಗೆ ಬಸಿ ಅಂದ್ರೆ ನಿಂಗ್ ನನ್ಕಿಂತ ಜಾಸ್ತಿ, ಅಲ್ದಾ?"

"ಒಂದ್ ಒಡ್ದ್ರೂ ಅವ್ಳ್ ನನ್ನ ಮಂಡೆ ಒಡಿತ್ಲ್."

ಅವನು ನಕ್ಕ. ನಾನು ಅರ್ಧಕ್ಕೇ ಪಂಪು ನಿಲ್ಲಿಸಿದೆ. ರಾಡಿಗೆ ನಡುವೆಯೂ ಒಂದು ತೂತು ಇತ್ತು, ಆದರೆ ನಾನು ನಿಲ್ಲಿಸಿದ್ದು ರಾಡು ಅದಕ್ಕೆ ಮುಟ್ಟದಷ್ಟು ಕೆಳಗೆ. ಅದು ನನಗೆ ಗೊತ್ತಿತ್ತು. ಅವನು ಆ ಕಡೆಯಿಂದ ಕೇಳಿದ, "ರಾಡ್ ಹಾಕಿದ್ಯಾ?"

"ಹಾಕಿದೆ. ನೀ ಬೇಗ ಮುಗ್ಸ್."

ಅವನು ಬಲಗೈಯನ್ನು ಭುಜದವರೆಗೂ ಒಳಗೆ ತೂರಿಸಿದ. ಐದು ನಿಮಿಷ ಆಗಿರಬಹುದು. ಮೇಲೆ ಪೆಟ್ಟಿಗೆ ಜಾರುವ ಸದ್ದು ಕೇಳಿತು. ಒಳಗೆ ಗಾಜು ಕಿಣಿ ಎಂದಿತು. ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಒಂದು ಬೆರಳಷ್ಟು ಇಳಿಸಿದರೆ ಜಾರುವುದು ನಿಲ್ಲುತ್ತದೆ ಎಂದುಕೊಂಡು ಪಂಪಿನ ವಾಲ್ವ್ ತಿರುಗಿಸಿದೆ. ಬೆರಳಷ್ಟು ಇಳಿಯಲಿಲ್ಲ. ಇಡೀ ಕ್ಯಾಬಿನ್ ಇಳಿಯಿತು.

ಅವನ ಕೂಗನ್ನು ನಾನು ಬರೆಯುವುದಿಲ್ಲ.

ಆಸ್ಪತ್ರೆಯಲ್ಲಿ ನಾಲ್ಕು ಬೆರಳು ತೆಗೆದರು. ಬಲಗೈಯಲ್ಲಿ ಹೆಬ್ಬೆರಳೊಂದು ಉಳಿಯಿತು. ಸಂಜೆ ಕಫೀಲ್ ಬಂದು ಏನಾಯಿತು ಎಂದು ಕೇಳಿದ. ನಾನು, "ಪಂಪ್ ಲೀಕ್ ಹೋ ಗಯಾ, ರಾಡ್ ಭೀ ಫಿಸಲ್ ಗಯಾ. ಪುರಾನಾ ಗಾಡಿ ಹೈ" ಎಂದೆ, ಪಂಪು ಸೋರಿ ಭಾರ ಬಿದ್ದು ರಾಡೂ ಜಾರಿತು ಎಂಬಂತೆ. ಬಾಯಿಗೆ ಅದೇ ಮೊದಲು ಬಂತು. ಎಲ್ಲರೂ ನಂಬಿದರು. ಗಾಡಿ ಹಳತು ಎಂದರೆ ಯಾರು ಅಲ್ಲ ಎನ್ನುತ್ತಾರೆ?

ಆದರೆ ಆ ಪಂಪಿನಲ್ಲಿ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸೀಲನ್ನು ಹಿಂದಿನ ವಾರವಷ್ಟೇ ಹೊಸದು ಹಾಕಿದವನು ತಮ್ಮ. ಅದು ನನಗೆ ಹೊಳೆದದ್ದು ಮರುದಿನ, ಅವನು ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಹೇಳಿದಾಗ: "ನನ್ನ ಸೀಲೇ ಸಮ ಕೂಕಣ್ಲಿಲ್ಲ ಕಾಣ್ತ್ ಅಣ್ಣಯ್ಯ. ನಾನೇ ಅವಸ್ರ ಮಾಡ್ದೆ." ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ನರ್ಸ್ ಬಂದಳು. ನರ್ಸ್ ಹೋದ ಮೇಲೂ ನಾನು ಹೇಳಲಿಲ್ಲ.

ಆ ಪೆಟ್ಟಿಗೆಯಲ್ಲಿ ಒಂದು ಬಸಿಯೂ ಒಡೆದಿರಲಿಲ್ಲ. ಮನೆ ಒಕ್ಕಲಿಗೆ ಬಂದ ನೆಂಟರು ಅದರಲ್ಲಿ ಪಾಯಸ ಉಂಡರು. ತಮ್ಮನ ಕೈ ಹೇಗಿದೆ ಎಂದು ಕೇಳಿ, ಆ ಗಾಡಿಗಳಿಗೇ ಬೈದರು. ನಾನೂ ಅವರ ಜೊತೆ ಸೇರಿ ಬೈದೆ.

ರಜೆ ಮುಗಿಸಿ ಬರುವಷ್ಟರಲ್ಲಿ ಕಫೀಲನ ಮಗ ಯಾರ್ಡಿನ ಕೆಲಸ ನೋಡಿಕೊಳ್ಳತೊಡಗಿದ್ದ. ಗಾಡಿ ಹಳತು ಎಂಬ ನನ್ನ ಮಾತೊಂದೇ ಅವನಿಗೆ ಸಾಕಿತ್ತು. "ಯೇ ಸಬ್ ಬುಡ್ಡಾ ಹೋ ಗಯಾ, ಆದ್ಮೀ ಕೋ ಖಾತಾ ಹೈ. ಖಲಾಸ್" ಎಂದ. ಮುದಿಯಾದ ಗಾಡಿಗಳು ಮನುಷ್ಯರನ್ನು ತಿನ್ನುತ್ತವೆ, ಇನ್ನು ಸಾಕು ಎಂಬ ತೀರ್ಮಾನ. ಒಂದೊಂದಾಗಿ ಚಪ್ಪಟೆ ಮುಖದ ಗಾಡಿಗಳು ಗುಜರಿಗೆ ಹೋದವು. ಶಾರ್ಜಾದ ಹಳೇ ಗಾಡಿ ಬಜಾರಿನಿಂದ ಉದ್ದ ಮೂತಿಯವು ಬಂದವು. ಅವುಗಳ ಮೂತಿ ಮುಂದಕ್ಕೆ ತೆರೆಯುತ್ತದೆ. ಕ್ಯಾಬಿನ್ ಎತ್ತುವ ಕೆಲಸವಿಲ್ಲ. ಹೆದ್ದಾರಿಯಲ್ಲಿ ಬೇರೆ ಕಂಪನಿಗಳ ಚಪ್ಪಟೆ ಮುಖದ ಹೊಸ ಲಾರಿಗಳು ಈಗಲೂ ಓಡುತ್ತವೆ, ಆದರೆ ಅವು ಬಟನ್ ಒತ್ತಿದರೆ ಏಳುವ ಜಾತಿ. ನಮ್ಮ ಥರದ ಕೈಪಂಪಿನವು ಅಪರೂಪವಾದವು. ಮೊದಲು ಎದುರಿಗೆ ಒಂದು ಬಂದರೆ ದೀಪ ಮಿನುಗಿಸುತ್ತಿದ್ದೆವು. ಆಮೇಲಾಮೇಲೆ ಮಸ್ಕತ್ತಿಗೆ ಹೋಗಿ ಬರುವಷ್ಟರಲ್ಲಿ ಒಂದಕ್ಕೂ ಮಿನುಗಿಸುವ ಸಂದರ್ಭ ಬರುತ್ತಿರಲಿಲ್ಲ. ನಾನು ಈಗ ಉದ್ದ ಮೂತಿಯ ಹಿಂದೆ ಕೂರುತ್ತೇನೆ. ರಸ್ತೆ ದೂರ ಇದೆ.

ತಮ್ಮನನ್ನು ಗೇಟಿನ ಕುರ್ಚಿಯಲ್ಲಿ ಕೂರಿಸಿದರು. ಹೊಸ ಗಾಡಿಗಳಿಗೆ ಕಂಪ್ಯೂಟರ್ ಹಿಡಿದ ಬೇರೆ ಮೆಕ್ಯಾನಿಕ್ ಬಂದ. ಡಾಕ್ಟರ್ ಸಾಬ್ ಎಂದು ಕರೆಯುತ್ತಿದ್ದ ಪಠಾಣ ಮುದುಕನೂ ಹಾಗೆ ಕರೆಯುವುದನ್ನು ನಿಲ್ಲಿಸಿದ, ಕನಿಕರದಿಂದಲೇ. ನಮ್ಮ ರೂಮಿನ ಮಿಕ್ಸಿ ಕೆಟ್ಟರೆ ತಮ್ಮ ಅದರ ಹತ್ತಿರ ಹೋಗುತ್ತಿರಲಿಲ್ಲ. "ನಾ ಮುಟ್ಟಿದ್ರೆ ಹಾಳಾತ್ತ್" ಎನ್ನುತ್ತಿದ್ದ. ಎಡಗೈ ಚೆನ್ನಾಗಿಯೇ ಇತ್ತು. ಕೈಗಿಂತ ದೊಡ್ಡದನ್ನು ನಾನು ತೆಗೆದಿದ್ದೆ. ಪ್ರತಿ ಶುಕ್ರವಾರ ಅನ್ನ ಬಡಿಸುವಾಗ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಮೀನು ಹೇಗಾಗಿದೆ ಎಂದು ಕೇಳುತ್ತಿದ್ದೆ.

ಕಳೆದ ತಿಂಗಳು ಅವನ ವೀಸಾ ಮುಗಿಯಿತು. ಹೊಸದು ಮಾಡಿಸುವುದಿಲ್ಲ ಎಂದರು. ಹೊರಡುವ ಹಿಂದಿನ ದಿನ ಬೆಳಿಗ್ಗೆಯೇ, ಮೂಲೆಯಲ್ಲಿ ಮಣ್ಣು ಹಿಡಿದು ನಿಂತಿದ್ದ ಕೊನೆಯ ಚಪ್ಪಟೆ ಮುಖದ ಗಾಡಿಯನ್ನು ಗುಜರಿಗೆ ಒಯ್ಯಲು ಕ್ರೇನ್ ಬರುವುದಿತ್ತು. ಅದು ಅದೇ ಗಾಡಿ. ಯಾರೂ ಓಡಿಸಲು ಒಪ್ಪದೆ ಉಳಿದಿತ್ತು.

ತಮ್ಮ ಬಂದು, "ಅಣ್ಣಯ್ಯ, ಒಂದ್ ಸ್ಪ್ಯಾನರ್ ಕೊಡ್. ಆ ಪಂಪ್ ಒಂದ್ಸಲ ಬಿಚ್ಚಿ ಕಾಣ್ಕ್" ಎಂದ.

"ಎಂತಕ್ಕ್ ಈಗ? ಬಿಡ್ ಮಾರಾಯ."

"ನಾ ಎಂತ ತಪ್ಪ್ ಮಾಡ್ದೆ ಅಂತ ಗೊತ್ತಾಯ್ಕ್. ಊರಿಗ್ ಹೋದ್ಮೇಲೆ ಇದ್ ಎಲ್ಲಿ ಸಿಕ್ಕತ್ತ್?"

ನಾನು ಸ್ಪ್ಯಾನರ್ ಕೊಟ್ಟೆ. ಬಿಸಿಲಿನಲ್ಲಿ ಮಂಡಿಯೂರಿ, ಬಲ ಹೆಬ್ಬೆರಳಿನಿಂದ ಪಂಪನ್ನು ಒತ್ತಿ ಹಿಡಿದು ಎಡಗೈಯಿಂದ ಬಿಚ್ಚಿದ. ತುಂಬ ಹೊತ್ತು ಹಿಡಿಯಿತು. ನಾನು ಸಹಾಯ ಮಾಡಲು ಹೋಗಲಿಲ್ಲ. ಕೊನೆಗೆ ಸೀಲನ್ನು ಹೊರತೆಗೆದು, ಚಿಂದಿಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ಸುತ್ತಲೂ ನೋಡಿದ. ಉಗುರಿನಿಂದ ಕೆರೆದ. ಮತ್ತೆ ನೋಡಿದ.

"ಹರಿಲಿಲ್ಲೆ" ಎಂದ. "ಕೂಕಂಡದ್ದೂ ಸಮ ಇತ್ತ್. ಇದ್ ಸೋರುಕೇ ಇಲ್ಲ ಅಣ್ಣಯ್ಯ. ಹಂಗಾರೆ ಎಂತ ಆಯ್ತ್ ಅವತ್ತ್?"

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅನುಮಾನವೂ ಇರಲಿಲ್ಲ. ಗಾಡಿಯ ಬಗ್ಗೆ ನನ್ನನ್ನು ಕೇಳುತ್ತಿದ್ದ, ಹಿಂದೆ ಯಾವಾಗಲೂ ಕೇಳುತ್ತಿದ್ದ ಹಾಗೆ. ಗೇಟಿನಲ್ಲಿ ಕ್ರೇನ್ ಬಂದು ನಿಂತಿತ್ತು. ಇದನ್ನು ಈಗ ಹೇಳಿದರೂ ಅವನಿಗೆ ಕೆಲಸ ಬರುವುದಿಲ್ಲ, ಬೆರಳು ಬರುವುದಿಲ್ಲ, ಹೋದ ಎರಡು ವರ್ಷ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅವನ ಪಕ್ಕದಲ್ಲೇ ಮಣ್ಣಿನಲ್ಲಿ ಕೂತೆ.

"ನೀ ಎಂತ ತಪ್ಪೂ ಮಾಡ್ಲಿಲ್ಲೆ" ಎಂದೆ. "ರಾಡ್ ನಾ ಹಾಕ್ಲಿಲ್ಲೆ. ಹಾಕಿದೆ ಅಂದದ್ದ್ ಸುಳ್ಳ್. ಗಾಜ್ ಒಡಿತ್ತ್ ಅಂದ್ಕಂಡ್ ವಾಲ್ವ್ ತಿರ್ಗ್ಸ್ದವ ನಾನೇ. ಗಾಡಿದ್ದೂ ತಪ್ಪಲ್ಲ, ನಿಂದೂ ತಪ್ಪಲ್ಲ. ಎರಡ್ ವರ್ಷ ನಿನ್ನ ತಲಿ ಮೇಲೆ ಹಾಕಿ ಸುಮ್ನ್ ಕೂತೆ."

ಅವನು ಸೀಲನ್ನೇ ನೋಡುತ್ತಿದ್ದ. ನನ್ನ ಕಡೆ ತಿರುಗಲಿಲ್ಲ.

"ನನ್ನಿಂದ ತಪ್ಪಾಯ್ತ್ ತಮ್ಮಾ" ಎಂದೆ. "ದೊಡ್ಡ ತಪ್ಪಾಯ್ತ್."